ಕ್ಯಾಮೆರಾ ಕಂಡ ಶಾಂತಕ್ಕನ ಬಲಗೈ

ಮನುಷ್ಯನ ಪ್ರಜ್ಞೆ ಎಂಬುದು ಯಾವ ಯಂತ್ರಕ್ಕೂ ನಿಲುಕದ, ಯಾವ ಶಾಸ್ತ್ರವೂ ಅಳೆಯಲಾರದ ಮಹಾ ರಹಸ್ಯ. ಈ ಘನವಾದ ಮಾತು ನನಗೆ ಹೊಳೆದದ್ದು ಚಿಕ್ಕೋಡಿಯ ಒಂದು ಆಸ್ಪತ್ರೆಯ ಕ್ಯಾಂಟೀನಿನಲ್ಲಿ, ಎರಡನೆಯ ಪ್ಲೇಟು ಮಿಸಳ ತಿನ್ನುವಾಗ. ಮಿಸಳ ಖಾರವಾಗಿತ್ತು. ಕಣ್ಣಲ್ಲಿ ನೀರು ಬಂತು. ಪಕ್ಕದ ಮೇಜಿನವರು, ಪಾಪ, ಇವರ ಮನೆಯವರು ಯಾರೋ ಸೀರಿಯಸ್ ಇರಬೇಕು ಎಂದು ತಮ್ಮ ನೀರಿನ ಗ್ಲಾಸನ್ನು ನನ್ನ ಕಡೆ ಸರಿಸಿದರು.

ಖಾರವೂ ನಿಜ. ಅವರು ತಿಳಿದದ್ದೂ ನಿಜ.

ಮೇಲಿನ ಮಹಡಿಯ ಐಸಿಯುವಿನಲ್ಲಿ ನನ್ನ ಅಕ್ಕ ಶಾಂತಕ್ಕ ಕೋಮಾದಲ್ಲಿದ್ದಳು. ನಿಪ್ಪಾಣಿಯ ತನ್ನ ಮನೆಯಲ್ಲಿ ಬೆಳಿಗ್ಗೆ ನಲ್ಲಿಯ ಮುಂದೆ ಕೊಡ ಇಟ್ಟವಳು ಅಲ್ಲೇ ಕುಸಿದಳು. ಮೆದುಳಿನಲ್ಲಿ ರಕ್ತಸ್ರಾವ. ಮೈಯ ಎಡಭಾಗ ಪೂರ್ತಿ ಹೋಗಿದೆ, ಉಸಿರಿಗೆ ಮಷಿನ್ ಹಚ್ಚಿದ್ದೇವೆ, ಕಾಯಬೇಕು ಎಂದರು. ಕಾಯುವುದು ಬಿಟ್ಟು ಬೇರೆ ಕೆಲಸ ಗೊತ್ತಿಲ್ಲದ ನಾನು ಕಾಯತೊಡಗಿದೆ.

ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತೇ ಇದೆ. ಯಾರಾದರೂ ಆಸ್ಪತ್ರೆ ಸೇರಿದರೆ ‘ಮಾತಾಡಿಸಿಕೊಂಡು’ ಬರಬೇಕು. ರೋಗಿ ಮಾತಾಡುವ ಸ್ಥಿತಿಯಲ್ಲಿ ಇದ್ದಾರೋ ಇಲ್ಲವೋ ಎಂಬುದು ಸಣ್ಣ ವಿಷಯ. ಅಥಣಿಯಿಂದ ಬಂದರು, ಕಾಗವಾಡದಿಂದ ಬಂದರು, ಅಂಕಲಿಯಿಂದ ಒಂದು ಕ್ರೂಸರ್ ಗಾಡಿ ತುಂಬ ಬಂದರು. ಬರುವವರೆಲ್ಲ ಬಾಳೆಹಣ್ಣು ತಂದರು. ಮೂಗಿನ ನಳಿಕೆಯಲ್ಲಿ ಗಂಜಿ ಹೋಗುತ್ತಿರುವ ಹೆಣ್ಣುಮಗಳಿಗೆ ಬಾಳೆಹಣ್ಣು! (ತಿಂದದ್ದು ಯಾರು ಎಂದು ಕೇಳಬೇಡಿ. ಯಾರಾದರೂ ತಿನ್ನಲೇಬೇಕಿತ್ತು.)

ಇಂಥ ಜನರಿಂದ ಐಸಿಯು ಕಾಪಾಡಲು ಆಸ್ಪತ್ರೆಯವರು ಒಂದು ಉಪಾಯ ಮಾಡಿದ್ದಾರೆ. ಪ್ರತಿ ಮಂಚದ ಮೇಲೊಂದು ಕ್ಯಾಮೆರಾ. ಕೆಳಗೆ ಒಂದು ಸಣ್ಣ ಕೋಣೆ, ಅದರಲ್ಲಿ ಗೋಡೆಗೊಂದು ದೊಡ್ಡ ಟಿವಿ. ಬೆಳಿಗ್ಗೆ ಹನ್ನೊಂದಕ್ಕೆ ಮತ್ತು ಮಧ್ಯಾಹ್ನ ನಾಲ್ಕಕ್ಕೆ ಬಾಗಿಲು ತೆರೆಯುತ್ತದೆ. ಒಂದೊಂದು ಮನೆಯವರಿಗೂ ಪಾಳಿಯ ಪ್ರಕಾರ ಹತ್ತು ನಿಮಿಷ, ಅವರವರ ರೋಗಿಯ ದರ್ಶನ. ಚಪ್ಪಲಿ ಹೊರಗೆ ಬಿಡಬೇಕೆಂದು ಯಾರೂ ಹೇಳಿರಲಿಲ್ಲ. ಎಲ್ಲರೂ ತಾವಾಗಿಯೇ ಬಿಟ್ಟರು.

ಮೂರನೆಯ ದಿನ ಮಂಗಸೂಳಿಯಿಂದ ನಮ್ಮ ದೊಡ್ಡವ್ವನ ಮಗಳು ನೀಲವ್ವ ಬಂದಳು. ಸೆರಗಿನ ತುದಿಯಲ್ಲಿ ಮಲ್ಲಯ್ಯನ ಗುಡಿಯ ಭಂಡಾರ ಕಟ್ಟಿಕೊಂಡು ಬಂದಿದ್ದಳು. ಅರಿಶಿನದ ಆ ಪುಡಿಯನ್ನು ಅಕ್ಕನ ಹಣೆಗೆ ಹಚ್ಚಬೇಕು. ಒಳಗೆ ಬಿಡುವುದಿಲ್ಲ ಎಂದರು ಸಿಸ್ಟರ್. ನೀಲವ್ವ ಬಹಳ ವಾದ ಮಾಡಲಿಲ್ಲ. ಟಿವಿಯ ಹತ್ತಿರ ಹೋದಳು, ಪರದೆಯ ಮೇಲೆ ಶಾಂತಕ್ಕನ ಹಣೆ ಎಲ್ಲಿದೆ ನೋಡಿದಳು, ಅಲ್ಲಿಗೆ ಭಂಡಾರ ಹಚ್ಚಿ ಕೈ ಮುಗಿದಳು.

ನಮ್ಮ ಹತ್ತು ನಿಮಿಷ ಮುಗಿಯಿತು. ಟಿವಿಯಲ್ಲಿ ಮುಂದಿನ ರೋಗಿ ಬಂದರು, ರಾಯಬಾಗ ಕಡೆಯ ಒಬ್ಬ ಮುದುಕರು. ಮಂಚಗಳೆಲ್ಲ ಒಂದೇ ಅಳತೆ, ಕ್ಯಾಮೆರಾ ಒಂದೇ ಎತ್ತರ. ಭಂಡಾರ ಸರಿಯಾಗಿ ಅವರ ಹಣೆಯ ಮೇಲೆ ಕೂತಿತ್ತು. ಎರಡು ದಿನದಲ್ಲಿ ಅವರು ಕಣ್ಣು ಬಿಟ್ಟರು, ಚಹಾ ಕೇಳಿದರು.

ನೀಲವ್ವ ಇದನ್ನು ಇನ್ನೂ ಮರೆತಿಲ್ಲ. ಮಲ್ಲಯ್ಯನ ಬಗ್ಗೆ ಅವಳಿಗೆ ತಕರಾರಿಲ್ಲ, ಸಿಸ್ಟರ್ ಬಗ್ಗೆ ಇದೆ.

ಈ ಕ್ಯಾಮೆರಾ ಬರಿಯ ಸಿಸಿಟಿವಿ ಅಲ್ಲ ಎಂದು ನಮಗೆ ಹೇಳಿದವರು ಐಸಿಯುವಿನ ಡಾಕ್ಟರು. ಮೂವತ್ತೈದರ ಆಸುಪಾಸಿನ ಮನುಷ್ಯ. ಕುರ್ಚಿ ಎಳೆದುಕೊಂಡು ಎದುರು ಕೂತು ಮಾತಾಡುವ ಡಾಕ್ಟರರನ್ನು ನಾನು ಕಂಡದ್ದು ಅದೇ ಮೊದಲು. ಹೀಗಾಗಿ ಮೊದಲ ದಿನ ಇವರು ಕಂಪೌಂಡರ್ ಇರಬೇಕು ಎಂದುಕೊಂಡಿದ್ದೆ.

ಕ್ಯಾಮೆರಾದ ಹಿಂದೆ ಒಂದು ಕಂಪ್ಯೂಟರ್ ಇದೆ. ಅದು ರೋಗಿಯ ಕಣ್ಣುಗಳ ಸುತ್ತ, ಬಾಯಿಯ ಸುತ್ತ, ಎರಡು ಕೈಗಳ ಸುತ್ತ ಹಸಿರು ಚೌಕ ಹಾಕಿಕೊಂಡು ನೋಡುತ್ತ ಇರುತ್ತದೆ. ರೆಪ್ಪೆ ಒಂದು ಕೂದಲಿನಷ್ಟು ಅಲುಗಿದರೂ ಚೌಕ ಹಳದಿಯಾಗುತ್ತದೆ, ಪಕ್ಕದ ಅಂಕಿ ಒಂದು ಏರುತ್ತದೆ. ಸಿಸ್ಟರ್ ಬೇರೆ ಮಂಚದ ಹತ್ತಿರ ಇದ್ದಾಗ ಬೆರಳು ಅಲುಗಿ ನಿಂತುಬಿಟ್ಟರೆ ಯಾರಿಗೆ ಗೊತ್ತಾಗಬೇಕು? ಇದಕ್ಕೆ ಗೊತ್ತಾಗುತ್ತದೆ. ಇದಕ್ಕೆ ಊಟವಿಲ್ಲ, ಡ್ಯೂಟಿ ಬದಲಾಗುವುದಿಲ್ಲ, ಊರ ಕಡೆಯ ಫೋನು ಬರುವುದಿಲ್ಲ.

ನಮ್ಮ ಭಾಗದಲ್ಲಿ ಕ್ಯಾಮೆರಾಕ್ಕೇನು ಬರ? ಕಬ್ಬಿನ ತೂಕದ ಕಟ್ಟೆಯ ಮೇಲಿದೆ, ಹಾಲಿನ ಡೇರಿಯಲ್ಲಿದೆ, ದ್ರಾಕ್ಷಿ ತೋಟದ ಗೇಟಿಗಿದೆ. ಎಲ್ಲವೂ ಯಾರು ಏನು ಒಯ್ದರು ಎಂದು ನೋಡಲು ಇಟ್ಟವು. ಒಳಗೆ ಯಾರಾದರೂ ಉಳಿದಿದ್ದಾರೋ ಎಂದು ನೋಡಲು ಇಟ್ಟ ಕ್ಯಾಮೆರಾ ನಾನು ಕಂಡದ್ದು ಇದೊಂದೇ.

ಎಂಟು ದಿನ ಶಾಂತಕ್ಕನ ಎಲ್ಲ ಚೌಕಗಳೂ ಹಸಿರಾಗಿಯೇ ಇದ್ದವು.

ಎಂಟನೆಯ ದಿನ ಡಾಕ್ಟರು ನನ್ನನ್ನೂ ಶಾಂತಕ್ಕನ ಒಬ್ಬಳೇ ಮಗಳು ಸುನಂದಾಳನ್ನೂ ಕೂರಿಸಿಕೊಂಡರು. ಸುನಂದಾ ನಿಪ್ಪಾಣಿಯಲ್ಲಿ ಹೊಲಿಗೆ ಮಾಡುತ್ತಾಳೆ, ತಾಯಿಯನ್ನು ತನ್ನ ಹತ್ತಿರವೇ ಇಟ್ಟುಕೊಂಡವಳು.

“ಬಾಯಾಗಿನ ನಳಿಗಿ ಬಾಳ ದಿನಾ ಇಡಾಕ ಬರೂದಿಲ್ರಿ,” ಎಂದರು ಡಾಕ್ಟರು. “ಗಂಟಲಕ್ಕ ಒಂದ ಸಣ್ಣ ತೂತ ಮಾಡಿ ಅಲ್ಲಿಂದ ಉಸರ ಕೊಡಬೇಕಾಗ್ತೈತಿ. ಹಂಗ ಮಾಡಿದ್ರ ತಿಂಗಳಗಟ್ಟಲೆ, ವರ್ಷಗಟ್ಟಲೆನೂ ಇರಬಹುದು. ಮಾಡೂದು ಬ್ಯಾಡ ಅಂದ್ರ ಬ್ಯಾಡ. ಸೋಮವಾರದೊಳಗ ನೀವ ಹೇಳಬೇಕು.”

ಸುನಂದಾ ಸೆರಗನ್ನು ಮಡಚುತ್ತ ಬಿಚ್ಚುತ್ತ ಕೂತಿದ್ದಳು. ಆಮೇಲೆ ಕೇಳಿದಳು:

“ಅವ್ವ ಒಳಗ ಅದಾಳೇನ್ರಿ?”

“ಅಂದ್ರ?”

“ಅಂದ್ರ... ಒಳಗ ಇದ್ರ ತೂತ ಹಾಕ್ರಿ. ಹತ್ತ ವರ್ಷ ಮಕ್ಕೊಂಡಿರ್ಲಿ, ನಾ ಮಾಡ್ತೀನಿ. ಒಳಗ ಇಲ್ಲಂದ್ರ ಆ ಖಾಲಿ ಮೈಗೆ ಯಾಕ ತ್ರಾಸ ಕೊಡೂದ್ರಿ? ಅದಾಳೋ ಇಲ್ಲೋ, ಅಷ್ಟ ಹೇಳ್ರಿ ನನಗ.”

ಡಾಕ್ಟರು ಪೆನ್ನಿನ ಕ್ಯಾಪು ತೆಗೆದು ಮತ್ತೆ ಹಾಕಿದರು.

“ಅದನ್ನ ಹೇಳೂ ಮಷಿನ್ ಇನ್ನೂ ಬಂದಿಲ್ರಿ ಅಕ್ಕಾರ.”

ಮರುದಿನ, ಅಂದರೆ ಶುಕ್ರವಾರ ಬೆಳಿಗ್ಗೆ, ಬಲಗೈಯ ಚೌಕ ಹಳದಿಯಾಯಿತು.

ಕೆಳಗಿನ ಕೋಣೆಯಲ್ಲಿ ಹನ್ನೊಂದು ಗಂಟೆಗೆ ಟಿವಿ ಶುರುವಾದಾಗ ಅಂಕಿ ಆಗಲೇ ನಾಲ್ಕುನೂರು ದಾಟಿತ್ತು. ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಸೇರಿ ಒಂದಕ್ಕೊಂದು ತಿಕ್ಕುತ್ತಿದ್ದವು. ನಿಲ್ಲುತ್ತಿದ್ದವು, ಮತ್ತೆ ತಿಕ್ಕುತ್ತಿದ್ದವು. ಸುನಂದಾ ಕೂಗಿಕೊಂಡಳು. ಅಥಣಿಯವರು ಅತ್ತರು. ಅಂಕಲಿಯವರು ಪೇಢೆ ತರಲು ಆಗಲೇ ಕ್ರೂಸರ್ ಚಾಲೂ ಮಾಡಿದ್ದರು.

ಡಾಕ್ಟರು ಕಂಪ್ಯೂಟರಿನ ವರದಿ ತೋರಿಸಿದರು. ಅದರಲ್ಲಿ ಬರೆದಿತ್ತು: ಬಲಗೈ, ಪುನರಾವರ್ತಿತ ಚಲನೆ, ಉದ್ದೇಶರಹಿತ.

“ಖುಷಿ ಪಡಬ್ಯಾಡ್ರಿ ಅನ್ನಾಂಗಿಲ್ಲ ನಾ,” ಎಂದರು. “ಆದ್ರ ಕೈ ತಾನ ಅಲಗ್ತೈತ್ರಿ ಒಮ್ಮೊಮ್ಮೆ. ಅದರ ಹಿಂದ ಮನಸ ಇರಬೇಕಂತಿಲ್ಲ. ಕ್ಯಾಮೆರಾಕ್ಕ ಅಲಗಿದ್ದ ಕಾಣ್ತೈತಿ. ಯಾಕ ಅಲಗ್ತು ಅಂತ ಕಾಣೂದಿಲ್ಲ.”

ಉದ್ದೇಶರಹಿತ. ಮದುವೆಗೆ ಹೋಗಿ ಬಂದವರ ಬಗ್ಗೆ ಹೇಳಬಹುದಾದ ಮಾತು. ನನಗೆ ಆ ಶಬ್ದ ಹಿಡಿಸಲಿಲ್ಲ. ಯಾಕೆ ಹಿಡಿಸಲಿಲ್ಲ ಎಂದು ಗೊತ್ತಾಗಲು ನಾಲ್ಕು ಗಂಟೆಯ ದರ್ಶನದವರೆಗೆ ಕಾಯಬೇಕಾಯಿತು.

ನಾಲ್ಕಕ್ಕೆ ರಜಿಯಾಬಿ ಬಂದಳು. ನಿಪ್ಪಾಣಿಯಲ್ಲಿ ಶಾಂತಕ್ಕನ ಎದುರು ಮನೆಯವಳು. ವಯಸ್ಸು ಅವಳದೂ ಎಪ್ಪತ್ತರ ಹತ್ತಿರ. ಮೊಣಕಾಲು ನೋವು, ಬಸ್ಸು ಹತ್ತಲು ಯಾರಾದರೂ ಬೇಕು, ಹೀಗಾಗಿ ತಡವಾಗಿದ್ದಳು. ಬಾಳೆಹಣ್ಣು ತಂದಿರಲಿಲ್ಲ. (ಅವಳ ಮೇಲಿನ ನನ್ನ ಗೌರವ ಅಲ್ಲಿಂದ ಶುರು.) ಟಿವಿಯ ಮುಂದೆ ಕುರ್ಚಿಯಲ್ಲಿ ಕೂತು, ಕನ್ನಡಕ ಒರೆಸಿಕೊಂಡು, ಒಂದು ನಿಮಿಷ ನೋಡಿದಳು.

“ಅಯ್ಯ, ಎಲ್ಲಾರೂ ಯಾಕ ಹಿಂಗ ಮಾರಿ ಮಾಡ್ಕೊಂಡ ಕುಂತೀರಿ? ಶಾಂತಕ್ಕ ಕೆಲಸಾ ಮಾಡಾಕತ್ತಾಳಲ್ರಿ!”

“ಏನ್ ಕೆಲಸಾ?” ಎಂದೆ.

“ಬೀಡಿ ಸುತ್ತಾಕತ್ತಾಳ್ರಿ ಸರ. ನಿಮಗ ಕಾಣವಲ್ದೇನ?”

ಎದ್ದು ಟಿವಿಯ ಹತ್ತಿರ ಹೋದಳು. ಪರದೆಗೆ ಬೆರಳು ಹಚ್ಚಿ, ಸಾಲೆಯ ಹಲಗೆಯ ಮೇಲೆ ಲೆಕ್ಕ ಬಿಡಿಸುವವಳ ಹಾಗೆ ಹೇಳತೊಡಗಿದಳು.

“ನೋಡ್ರಿ, ಎಲಿ ಹಿಡದ್ಳು. ಹೆಬ್ಬಟ್ಟಲೆ ತಂಬಾಕ ಹರವಿದ್ಳು. ಈಗ ಸುತ್ತಿದ್ಳು... ಹಾಂ, ಉಗರಲೆ ಬಾಯಿ ಮಡಚಿದ್ಳು. ಈಗ ದಾರಾ. ಮುಗೀತು ಒಂದು. ನೋಡ್ರಿ, ಮತ್ತ ಎಲಿ. ಎಡಗೈ ಬರವಲ್ದು ಪಾಪ, ಬಲಗೈ ಒಂದ ತನ್ನ ಪಾಲಿಂದ ತಾ ಮಾಡಾಕತ್ತೈತಿ.”

ಒಮ್ಮೆ ಹೇಳಿದ ಮೇಲೆ ಅದನ್ನು ಕಾಣದೇ ಇರಲು ಸಾಧ್ಯವಿರಲಿಲ್ಲ. ಇಷ್ಟು ಹೊತ್ತು ಅಲುಗುವ ಮೂರು ಬೆರಳು ಕಂಡಿದ್ದವು. ಈಗ ಶಾಂತಕ್ಕ ಕಂಡಳು. ಮೊಣಕಾಲ ಮೇಲೆ ಮೊರ, ಮೊರದಲ್ಲಿ ತಂಬಾಕು, ಹಲ್ಲಿನಲ್ಲಿ ಕಚ್ಚಿದ ದಾರದ ತುದಿ.

ಈಗ ನನ್ನ ಒಂದು ತಪ್ಪು ಒಪ್ಪಿಕೊಳ್ಳಬೇಕು. ಆಸ್ಪತ್ರೆಗೆ ಸೇರಿಸುವಾಗ ಫಾರ್ಮು ತುಂಬಿದವನು ನಾನು. ಉದ್ಯೋಗ ಎಂಬ ಸಾಲಿನ ಮುಂದೆ ‘ಗೃಹಿಣಿ’ ಎಂದು ಬರೆದಿದ್ದೆ. ನಲವತ್ತು ವರ್ಷ ಬೀಡಿ ಸುತ್ತಿದವಳನ್ನು ನಾನು ಒಂದು ಗೆರೆಯಲ್ಲಿ ಗೃಹಿಣಿ ಮಾಡಿದ್ದೆ. ಯಾಕೆ? ಚಿಕ್ಕೋಡಿಯಲ್ಲಿ ಟೈಪಿಂಗ್ ಕ್ಲಾಸ್ ನಡೆಸಿದ, ಪತ್ರಿಕೆಗೆ ಬರೆಯುವ, ಊರಲ್ಲಿ ‘ಸರ್’ ಎನಿಸಿಕೊಂಡ ಮನುಷ್ಯನ ಅಕ್ಕ ಬೀಡಿ ಸುತ್ತುವವಳು ಎಂದು ಕೌಂಟರಿನ ಆ ಹುಡುಗಿಯ ಎದುರು ಬರೆಯಲು ಕೈ ಬರಲಿಲ್ಲ. ಆ ಹುಡುಗಿ ಫಾರ್ಮು ಓದಿಯೂ ಇರಲಿಲ್ಲ. ಕಂಪ್ಯೂಟರ್ ಓದಿತ್ತೋ ಏನೋ. ಓದಿದ್ದರೆ, ಗೃಹಿಣಿಯ ಕೈ ಹೀಗೇಕೆ ಆಡುತ್ತದೆ ಎಂದು ಅದಕ್ಕಾದರೂ ಹೇಗೆ ತಿಳಿಯಬೇಕು? ಉದ್ದೇಶರಹಿತ ಎಂದು ಬರೆಯಿತು. ಆ ಉದ್ದೇಶರಹಿತ ಚಲನೆಯಿಂದಲೇ ಸುನಂದಾ ಬೆಳೆದದ್ದು, ನಾನು ಟೈಪಿಂಗ್ ಕಲಿತದ್ದು.

ಡಾಕ್ಟರಿಗೆ ಹೇಳಿದೆವು. ಅವರು ನಗಲಿಲ್ಲ. ತಮ್ಮ ಕಾಗದದ ಮೇಲೆ ‘ಗೃಹಿಣಿ’ಯನ್ನು ಹೊಡೆದು ‘ಬೀಡಿ ಕೆಲಸ’ ಎಂದು ಬರೆದುಕೊಂಡರು.

“ನಡೀರಿ, ನೋಡೂಣು,” ಎಂದರು. “ಒಳಗ ಅರಿವು ಐತಿ ಅಂದ್ರ ಹೇಳಿದ್ದ ಕೇಳಬೇಕು. ನಿಲ್ಲಸ ಅಂದ್ರ ನಿಲ್ಲಬೇಕು.”

ನಮ್ಮ ಮೂವರಿಗೂ ನೀಲಿ ಗೌನು ತೊಡಿಸಿ ಒಳಗೆ ಬಿಟ್ಟರು. ರಜಿಯಾಬಿ ಅಳತೆಗೆ ಕತ್ತರಿಸಿದ ಒಂದು ಬೀಡಿ ಎಲೆಯನ್ನು ರವಿಕೆಯೊಳಗಿಂದ ತೆಗೆದಳು, ಅಕ್ಕನ ಕೈಗೆ ಕೊಟ್ಟು ನೋಡೋಣ ಎಂದು. ಅದು ಯಾವಾಗಲೂ ಅವಳ ಹತ್ತಿರ ಇರುತ್ತದೋ ಅಥವಾ ಟಿವಿ ನೋಡಿದ ಮೇಲೆ ಎಲ್ಲಿಂದಲೋ ತರಿಸಿದಳೋ ನಾನು ಕೇಳಲಿಲ್ಲ. ಸಿಸ್ಟರ್ ಹೌಹಾರಿದರು.

“ಅಜ್ಜೀ, ತಂಬಾಕ ಐಸಿಯುದಾಗ ನಡ್ಯಾಂಗಿಲ್ಲ!”

“ತಂಬಾಕ ಎಲ್ಲೈತಿ ಬೇ? ಬರೇ ಎಲಿ ಇದು. ಗಿಡದ್ದು.”

ಎಲೆ ಸಿಸ್ಟರ್ ಕೈ ಸೇರಿತು.

ಸುನಂದಾ ತಾಯಿಯ ಕಿವಿಯ ಹತ್ತಿರ ಬಾಗಿ ಕೂಗಿದಳು: “ಅವ್ವಾ, ಕೈ ನಿಲ್ಲಸ. ಯವ್ವಾ, ಒಮ್ಮೆ ನಿಲ್ಲಸ ಬೇ.” ಕೈ ನಿಲ್ಲಲಿಲ್ಲ. ನಾನು ಕೂಗಿದೆ. ನಿಲ್ಲಲಿಲ್ಲ. ಕಣ್ಣು ತೆರೆ ಎಂದೆವು, ಎರಡು ಬೆರಳು ತೋರಿಸು ಎಂದೆವು. ಕಂಪ್ಯೂಟರ್ ತನ್ನ ಪಾಡಿಗೆ ಅಂಕಿ ಏರಿಸುತ್ತ ಇತ್ತು.

ಡಾಕ್ಟರು ಕಾಗದವನ್ನು ಮಡಚಿ ಜೇಬಿಗೆ ಇಟ್ಟುಕೊಂಡರು. ಆಗ ರಜಿಯಾಬಿ ಅವರ ಕಡೆ ತಿರುಗಿದಳು.

“ಡಾಕ್ಟರ ಸಾಹೇಬ್ರ, ನೀವ ಬೀಡಿ ಸುತ್ತೀರೇನು?”

“ಇಲ್ರೀ.”

“ಅದಕ್ಕ. ನಡಬರಕ ನಿಲ್ಲಸ ಅಂದ್ರ ಯಾರೂ ನಿಲ್ಲಸಾಂಗಿಲ್ರಿ. ಎಣಿಕಿ ತಪ್ತೈತಿ. ಇಪ್ಪತ್ತೈದ ಆಗಿ ಒಂದ ಕಟ್ಟ ಆತಂದ್ರ ಕೈ ನಿಲ್ತೈತಿ. ಅಲ್ಲೀ ತನಾ ಮನಿಗೆ ಬೆಂಕಿ ಬಿದ್ರೂ ಶಾಂತಕ್ಕ ಏಳಾಂಗಿಲ್ಲ. ಕೇಳ್ರಿ ಸರಗ.”

ಸರಗೆ ಗೊತ್ತಿತ್ತು.

ಅಪ್ಪ ತೀರಿಕೊಂಡಾಗ ಸುದ್ದಿ ಮುಟ್ಟಿಸಲು ನಮ್ಮೂರು ಸದಲಗಾದಿಂದ ನಿಪ್ಪಾಣಿಗೆ ಹೋದವನು ನಾನೇ. ಆಗ ನನಗೆ ಇಪ್ಪತ್ತೆರಡು. ಶಾಂತಕ್ಕ ಬಾಗಿಲ ಕಟ್ಟೆಯ ಮೇಲೆ ಮೊರ ಹಿಡಿದು ಕೂತಿದ್ದಳು. “ಅಕ್ಕಾ, ಅಪ್ಪ ಹೋದ” ಎಂದೆ. ತಲೆ ಎತ್ತಲಿಲ್ಲ. ಎಲೆ ತೆಗೆದುಕೊಂಡಳು, ತಂಬಾಕು ಹರವಿದಳು, ಸುತ್ತಿದಳು. ಇನ್ನೊಂದು ಎಲೆ. ನಾನು ನಿಂತು ನೋಡುತ್ತಿದ್ದೆ. ಹನ್ನೊಂದು ಬೀಡಿ ಸುತ್ತಿದಳು. ಇಪ್ಪತ್ತೈದರ ಕಟ್ಟು ಪೂರ್ತಿಯಾಯಿತು, ಅದಕ್ಕೆ ದಾರ ಬಿಗಿದು ಪಕ್ಕಕ್ಕೆ ಇಟ್ಟಳು. ಆಮೇಲೆ ಎದ್ದು ನನ್ನನ್ನು ತಬ್ಬಿಕೊಂಡು ಓಣಿಗೆಲ್ಲ ಕೇಳುವಂತೆ ಅತ್ತಳು.

ಆ ಹನ್ನೊಂದು ಬೀಡಿಯನ್ನು ನಾನು ಕ್ಷಮಿಸಿರಲಿಲ್ಲ. ಎಷ್ಟೋ ವರ್ಷ, ಜಗಳ ಬಂದಾಗೆಲ್ಲ, ಅಪ್ಪನಿಗಿಂತ ನಿನಗೆ ಬೀಡಿ ಹೆಚ್ಚಾಯಿತು ಎಂದು ಎತ್ತಾಡಿದ್ದೇನೆ. ಅವಳು ಒಂದು ಸಲವೂ ಉತ್ತರ ಕೊಟ್ಟವಳಲ್ಲ.

ಐಸಿಯುವಿನ ಹೊರಗೆ ಬೆಂಚಿನ ಮೇಲೆ ಕೂತು ಇದನ್ನು ರಜಿಯಾಬಿಗೆ ಹೇಳಿದೆ.

“ಆವತ್ತ ನಾನೂ ಅಲ್ಲೇ ಕುಂತಿದ್ನ್ಯಲ್ರಿ ಸರ, ಎದುರಿಗೇ,” ಎಂದಳು. “ಒಮ್ಮೆಲೆ ಎದ್ದಿದ್ರ ಬಿದ್ದ ಬಿಡ್ತಿದ್ಳು ಆಕಿ. ಎಣಿಕಿ ಹಿಡಕೊಂಡ ಕುಂತಿದ್ಳು. ಹಿಡಕೊಳ್ಳಾಕ ಬ್ಯಾರೆ ಏನಿತ್ತು?”

ಇಷ್ಟು ಸಣ್ಣ ಮಾತು ತಿಳಿಯಲು ನನಗೆ ಅರವತ್ತು ದಾಟಬೇಕಾಯಿತು. ತಿಳಿದ ಮೇಲೆ ಹೇಳೋಣವೆಂದರೆ ಅಕ್ಕ ಗಾಜಿನ ಆಚೆ.

ಶನಿವಾರ ಎಣಿಸುವುದು ಎಂದು ತೀರ್ಮಾನವಾಯಿತು. ಕೈ ಸ್ವಲ್ಪ ಹೊತ್ತು ಆಡುತ್ತದೆ, ನಿಲ್ಲುತ್ತದೆ, ಮತ್ತೆ ಆಡುತ್ತದೆ. ನಿಂತ ಮೇಲೆ ಹೊಸದಾಗಿ ಶುರುವಾದದ್ದನ್ನು ಒಂದರಿಂದ ಎಣಿಸಬೇಕು. ಇಪ್ಪತ್ತೈದಕ್ಕೆ ನಿಂತರೆ ಶಾಂತಕ್ಕ ಎಣಿಸುತ್ತಿದ್ದಾಳೆ. ಎಣಿಸುತ್ತಿದ್ದಾಳೆ ಎಂದರೆ ಇದ್ದಾಳೆ.

ಡಾಕ್ಟರು ಒಪ್ಪಿದರು. ಒಂದು ಷರತ್ತು ಹಾಕಿದರು.

“ಇಪ್ಪತ್ತೈದಕ್ಕ ನಿಂತ್ರ, ಅದೂ ಮತ್ತ ಮತ್ತ ನಿಂತ್ರ, ನಾ ನಂಬ್ತೀನಿ. ದೊಡ್ಡ ಡಾಕ್ಟರಗೆ ನಾನ ಫೋನ್ ಮಾಡಿ ಹೇಳ್ತೀನಿ. ನಿಲ್ಲಲಿಲ್ಲ ಅಂದ್ರ ನೀವೂ ನಂಬಬೇಕು.”

“ಹೂಂ,” ಎಂದಳು ಸುನಂದಾ.

ಶುಕ್ರವಾರದ ಬಾಕಿ ಹೊತ್ತು ನಾನು ಯಾರ ಜೊತೆಗೂ ಹೆಚ್ಚು ಮಾತಾಡಲಿಲ್ಲ. ಕಾರಣವಿತ್ತು. ಮೂವತ್ತು ವರ್ಷ ಟೈಪಿಂಗ್ ಕಲಿಸಿದವನ ಬೆರಳುಗಳು ಹೇಗಿರುತ್ತವೆ ನಿಮಗೆ ಗೊತ್ತಿಲ್ಲ. ಪುರಾಣ ಕೇಳಲು ಕೂತರೆ ನನ್ನ ಬೆರಳುಗಳು ತೊಡೆಯ ಮೇಲೆ ಆ ಪುರಾಣವನ್ನೇ ಟೈಪ್ ಮಾಡುತ್ತ ಹೋಗುತ್ತವೆ. ಪಕ್ಕದವರು ಅಲುಗಾಡಿಸಿ ಎಬ್ಬಿಸಿದಾಗಲೂ ನಡೆದೇ ಇರುತ್ತವೆ. ಅಂದರೆ ನಾನು ನಿದ್ದೆಯಲ್ಲಿದ್ದೆ, ಕ್ಲಾಸು ನಡೆದಿತ್ತು. ಬೆರಳುಗಳಿಗೆ ಯಜಮಾನ ಬೇಕಿಲ್ಲ ಎಂಬುದು ಆ ಆಸ್ಪತ್ರೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನು ನಾನು. ಆದರೂ ಸುನಂದಾಗೆ ಹೇಳಲಿಲ್ಲ. ಅವಳು ಒಂಬತ್ತು ದಿನಗಳ ನಂತರ ಅವತ್ತು ಕೂತು ಒಂದು ರೊಟ್ಟಿ ತಿಂದಿದ್ದಳು.

ಶನಿವಾರ ಹನ್ನೊಂದಕ್ಕೆ ಕೋಣೆಯ ಬಾಗಿಲು ಹಾಕಿಕೊಂಡೆವು. ಉಳಿದವರನ್ನು ಸಿಸ್ಟರ್ ಹೊರಗೇ ನಿಲ್ಲಿಸಿದರು. ಒಳಗೆ ನಾಲ್ಕು ಜನ. ಟಿವಿಯಲ್ಲಿ ಶಾಂತಕ್ಕನ ಕೈ ಆಡುತ್ತಿತ್ತು. ನಾವು ಅದು ನಿಲ್ಲುವವರೆಗೆ ಕಾದೆವು. ನಿಂತಿತು. ಚೌಕ ಹಸಿರಾಯಿತು. ಮತ್ತೆ ಹಳದಿಯಾಯಿತು.

“ಏಕ್,” ಎಂದಳು ರಜಿಯಾಬಿ.

ಅವಳು ಮನೆಮಾತಿನಲ್ಲೇ ಎಣಿಸುವವಳು. ಕನ್ನಡದಲ್ಲಿ ಎಣಿಸಿದರೆ ಬೀಡಿ ಸಡಿಲಾಗುತ್ತವೆ ಎಂದು ಶಾಂತಕ್ಕನನ್ನು ಚೇಷ್ಟೆ ಮಾಡುತ್ತಿದ್ದಳಂತೆ. ನಿನ್ನ ಬೀಡಿ ಸೇದಿದವರಿಗೆ ಉರ್ದುವಿನಲ್ಲಿ ಕೆಮ್ಮು ಬರುತ್ತದೆ ಎಂದು ಶಾಂತಕ್ಕ ಅನ್ನುತ್ತಿದ್ದಳಂತೆ.

ಹತ್ತು ದಾಟಿತು. ಹದಿನೈದು ದಾಟಿತು. ಸುನಂದಾ ನನ್ನ ತೋಳು ಹಿಡಿದಿದ್ದಳು. ಹಿಡಿತ ಬಿಗಿಯಾಗುತ್ತಿತ್ತು. ಡಾಕ್ಟರು ಗೋಡೆಗೆ ಒರಗಿ ನಿಂತಿದ್ದವರು ನೆಟ್ಟಗಾದರು.

“ಬೀಸ್... ಇಕ್ಕೀಸ್...”

ಕೈ ನಿಧಾನವಾಗುತ್ತಿದೆ ಎನಿಸಿತು ನನಗೆ. ನಿಜವಾಗಿಯೂ ನಿಧಾನವಾಗಿತ್ತೋ, ನನ್ನ ಕಣ್ಣು ಅದನ್ನು ಹಿಡಿದು ಎಳೆಯುತ್ತಿತ್ತೋ.

“ಬಾಯೀಸ್... ತೇಯೀಸ್... ಚೌಬೀಸ್...”

ಎಲೆ. ತಂಬಾಕು. ಸುತ್ತು. ಉಗುರು. ದಾರ.

“ಪಚ್ಚೀಸ್.”

ಇಪ್ಪತ್ತೈದು. ಕೈ ನಿಂತಿತು.

ಸುನಂದಾ ಉಸಿರು ಎಳೆದುಕೊಂಡಳು. ನಾನೂ ಎಳೆದುಕೊಂಡೆ. ಬಿಡುವಷ್ಟರಲ್ಲಿ ಹೆಬ್ಬೆರಳು ತೋರುಬೆರಳಿನ ಹತ್ತಿರ ಸರಿಯಿತು.

ರಜಿಯಾಬಿ ಬಹಳ ಸಣ್ಣ ಧ್ವನಿಯಲ್ಲಿ ಹೇಳಿದಳು: “ಛಬ್ಬೀಸ್.”

ಅಲ್ಲಿಂದ ಮುಂದೆ ಮೂವತ್ತೊಂದರವರೆಗೆ ಹೋಯಿತು. ನಾವು ಶುರುವಿನಲ್ಲೇ ತಪ್ಪಿರಬಹುದು ಎಂದೆ ನಾನು. ಮತ್ತೆ ಎಣಿಸಿದಳು. ಹದಿನಾಲ್ಕಕ್ಕೆ ನಿಂತಿತು. ಡಾಕ್ಟರು ಹಿಂದಿನ ದಿನದ ರೆಕಾರ್ಡಿಂಗ್ ಹಾಕಿಸಿಕೊಟ್ಟರು. ಒಂದು ಸಲ ಒಂಬತ್ತು, ಒಂದು ಸಲ ನಲವತ್ತರ ಮೇಲೆ.

“ಚಾಚೀ, ಇನ್ನೊಮ್ಮೆ,” ಎಂದಳು ಸುನಂದಾ.

ಇನ್ನೊಮ್ಮೆ ಎಣಿಸಿದಳು. ಹತ್ತೊಂಬತ್ತು.

ಓದುಗರೇ, ಒಂದು ಮಾತು ಯೋಚಿಸಿ. ಆ ಕೋಣೆಯಲ್ಲಿ ಒಂದು ಬೀಡಿ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ಗೊತ್ತಿದ್ದವಳು ಅವಳೊಬ್ಬಳೇ. ಕಂಪ್ಯೂಟರಿಗೆ ಗೊತ್ತಿರಲಿಲ್ಲ, ಡಾಕ್ಟರಿಗೆ ಗೊತ್ತಿರಲಿಲ್ಲ. ನಡುವೆ ಎರಡು ನುಂಗಿ, ನಾಲ್ಕು ಸೇರಿಸಿ, ಬೇಕಾದಲ್ಲಿ ಪಚ್ಚೀಸ್ ಅನ್ನಬಹುದಿತ್ತು. ನಾವು ಮೂವರೂ ನಂಬುತ್ತಿದ್ದೆವು. ಡಾಕ್ಟರು ಫೋನ್ ತೆಗೆಯುತ್ತಿದ್ದರು. ಇನ್ನೊಬ್ಬರ ದುಃಖಕ್ಕೆ ಸುಳ್ಳು ಹೇಳಿ ಬರುವುದರ ಹೆಸರೇ ಅಲ್ಲವೇ ನಮ್ಮಲ್ಲಿ ‘ಮಾತಾಡಿಸಿಕೊಂಡು’ ಬರುವುದು? ಆರಾಮ ಆಗತಾಳ, ಏನೂ ಆಗಾಂಗಿಲ್ಲ, ದೇವರದಾನ. ಹತ್ತು ದಿನದಿಂದ ಎಲ್ಲರೂ ಅದನ್ನೇ ಹೇಳಿ, ಬಾಳೆಹಣ್ಣು ಇಟ್ಟು ಹೋಗಿದ್ದರು.

ರಜಿಯಾಬಿ ಕನ್ನಡಕ ತೆಗೆದಳು.

“ಶಾಂತಕ್ಕ ಎಣಸಲಾರದ ಒಂದ ಬೀಡೀನೂ ಸುತ್ತಿದಾಕಿ ಅಲ್ಲ, ಬೇಟೀ,” ಎಂದಳು ಸುನಂದಾಗೆ. “ಇದು ಆಕಿ ಕೈ ಅಷ್ಟ. ಆಕಿ ಇಲ್ಲ.”

ಸುನಂದಾ ಅಳಲಿಲ್ಲ. ಮೇಲೆ ಹೋಗಬೇಕು ಎಂದಳು. ಡಾಕ್ಟರೇ ಗೌನು ಕೊಟ್ಟು ಕರೆದುಕೊಂಡು ಹೋದರು. ನಾನು ರಜಿಯಾಬಿಯ ಪಕ್ಕದಲ್ಲಿ ಕೂತು ಟಿವಿಯಲ್ಲಿ ನೋಡಿದೆ. ಸುನಂದಾ ಮಂಚದ ಹತ್ತಿರ ಬಂದಳು. ತಾಯಿಯ ಕೂದಲು ಸರಿ ಮಾಡಿದಳು. ಆಮೇಲೆ ತನ್ನ ಒಂದು ಬೆರಳನ್ನು, ಹೊಲಿಗೆಯ ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ಆ ತೋರುಬೆರಳನ್ನು, ಆಡುತ್ತಿದ್ದ ಕೈಯೊಳಗೆ ಇಟ್ಟಳು.

ಕೈ ಅದನ್ನು ತೆಗೆದುಕೊಂಡಿತು. ಹರವಿತು. ಸುತ್ತಿತು. ಉಗುರಿನಿಂದ ತುದಿ ಒತ್ತಿತು.

ಪರದೆಯ ಮೇಲೆ ಚೌಕ ಹಳದಿಯಾಗಿಯೇ ಇತ್ತು. ಅಂಕಿ ಏರುತ್ತ ಇತ್ತು. ರಜಿಯಾಬಿ ಎಣಿಸಲಿಲ್ಲ.

ಹೊರಗೆ ಬಂದ ಸುನಂದಾ ಕೇಳಿದ್ದು ಒಂದೇ ಮಾತು. “ಮಾಮಾ, ಬ್ಯಾಡ ಅಂತ ಎಲ್ಲಿ ಸಹಿ ಮಾಡೂದೈತಿ?” ತೋರಿಸಿದರು. ಮಾಡಿದಳು. ಸಾಕ್ಷಿಯ ಸಾಲಿನಲ್ಲಿ ನಾನು ಮಾಡಿದೆ. ಅದರ ಕೆಳಗೆ ರೋಗಿಯ ಉದ್ಯೋಗ ಬರೆಯುವ ಜಾಗವಿತ್ತು. ಈ ಸಲ ಸರಿಯಾಗಿ ಬರೆದೆ.

ಭಾನುವಾರ ಜ್ವರ ಬಂತು. ಸೋಮವಾರ ಪುಪ್ಪುಸದಲ್ಲಿ ಸೋಂಕು ಏರಿದೆ ಎಂದರು. ಮಂಗಳವಾರ ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಶಾಂತಕ್ಕ ತೀರಿಕೊಂಡಳು. ಬಲಗೈ ಅದಕ್ಕಿಂತ ಹನ್ನೊಂದು ನಿಮಿಷ ಮೊದಲು ನಿಂತಿತ್ತು ಎಂದು ಕಂಪ್ಯೂಟರಿನಲ್ಲಿ ದಾಖಲಾಗಿದೆ.